ಅಟ್ಟದ ಮೇಲೆ ಎತ್ತಿಟ್ಟ ಟ್ಯೂಬು

“ಎತ್ತಿಟ್ಟ ಪ್ರೀತಿ ಕೆಡುತ್ತದೆಯೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚೆನ್ನವೀರ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಬೆಳಗಿನ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋದ ಮೇಲೂ ಅವನೊಬ್ಬ ಕುಳಿತೇ ಇದ್ದ.

“ಯಾರಿಗೆಂದು ಎತ್ತಿಟ್ಟಿದ್ದೀಯೆ?” ಎಂದು ಗುರುಗಳು ಕೇಳಿದರು.

“ಅಕ್ಕನಿಗೆ. ಅವ್ವ ತೀರಿಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಒಮ್ಮೆ ಬಂದು ಮುಖ ತೋರಿಸಿ ಹೋಗು ಎಂದು ಎರಡು ವರ್ಷದಿಂದ ಹೇಳಿ ಕಳಿಸುತ್ತಿದ್ದಾಳೆ. ನನಗೆ ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ. ಓದು ಮುಗಿಸಿ, ಏನಾದರೂ ಆಗಿ, ಅವಳು ನಾಲ್ಕು ಜನರ ಮುಂದೆ ತಲೆಯೆತ್ತುವಂತೆ ಹೋಗಬೇಕು ಎಂದುಕೊಂಡಿದ್ದೇನೆ. ಪ್ರೀತಿಯೇನೂ ಕಡಿಮೆಯಾಗಿಲ್ಲ. ಅವಳನ್ನು ನೆನೆದರೆ ಈಗಲೂ ಮನಸ್ಸು ಮೆತ್ತಗಾಗುತ್ತದೆ. ಮೆತ್ತಗಿದೆ ಎಂದ ಮೇಲೆ ಕೆಟ್ಟಿಲ್ಲ ಎಂದೇ ಅಲ್ಲವೇ?”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾರೆ ಮೇಸ್ತ್ರಿ ಇದ್ದ. ಗೋಡೆ ಕಟ್ಟುವುದು, ಗಿಲಾವು ಮಾಡುವುದು, ಟೈಲ್ಸ್ ಕೂರಿಸುವುದು ಅವನ ಕೆಲಸ. ಕೆಲಸದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ಆದರೆ ಊರವರ ಮನೆಗಳನ್ನು ಚೊಕ್ಕವಾಗಿ ಕಟ್ಟಿಕೊಡುವ ಮೇಸ್ತ್ರಿಗಳ ಸ್ವಂತ ಮನೆ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅವನ ಮನೆಯೂ ಹಾಗೇ ಇತ್ತು. ಅವನ ಬಚ್ಚಲುಮನೆಯ ನೆಲ ಒಂದು ಕಡೆ ಸ್ವಲ್ಪ ಕುಸಿದು, ನೆಲವೂ ಗೋಡೆಯೂ ಕೂಡುವ ಕಡೆ ಉದ್ದಕ್ಕೂ ಒಂದು ಸಂದಿ ಬಿಟ್ಟಿತ್ತು. ಹೆಚ್ಚು ದೊಡ್ಡದಲ್ಲ, ಒಂದು ಕಾಳು ಹಿಡಿಯುವಷ್ಟು. ಸ್ನಾನದ ನೀರು ಆ ಸಂದಿಯಲ್ಲಿ ಇಳಿದು ಗೋಡೆಯ ಆಚೆಗೆ ಜಿನುಗುತ್ತಿತ್ತು. ಗೋಡೆಯ ಆಚೆಗೆ ಇದ್ದದ್ದು ಮಲಗುವ ಕೋಣೆ. ಆ ಗೋಡೆಯ ಬುಡ ವರ್ಷವಿಡೀ ಹಸಿಯಾಗಿರುತ್ತಿತ್ತು.

ಸಂದಿಗೆ ಸಿಮೆಂಟು ತುಂಬಬಹುದಿತ್ತಲ್ಲ ಎಂದು ನೀನು ಕೇಳಬಹುದು. ಅವನು ತುಂಬಿದ್ದ, ಒಮ್ಮೆಯಲ್ಲ, ನಾಲ್ಕು ಸಲ. ಆದರೆ ಕುಸಿಯುವ ನೆಲ ಸ್ವಲ್ಪ ಸ್ವಲ್ಪವೇ ಅಲುಗುತ್ತಿರುತ್ತದೆ. ಸಿಮೆಂಟು ಗಟ್ಟಿ ವಸ್ತು, ಅದು ಬಾಗುವುದಿಲ್ಲ. ಹಾಗಾಗಿ ಪ್ರತಿಸಲವೂ ಬಿರುಕು ಬಿಟ್ಟಿತು. ಅಂಥ ಕಡೆಗೆ ಸಿಲಿಕಾನ್ ಎಂಬ ಅಂಟು ಬೇಕು. ಅದು ಟ್ಯೂಬಿನಲ್ಲಿ ಬರುತ್ತದೆ. ಒತ್ತಿದರೆ ಬೆಣ್ಣೆಯ ಹಾಗೆ ಹೊರಗೆ ಬರುತ್ತದೆ. ಸಂದಿಯಲ್ಲಿ ಕೂತ ಮೇಲೆ ಗಾಳಿ ತಾಗಿ ಒಂದು ದಿನದಲ್ಲಿ ರಬ್ಬರಿನಂತಾಗುತ್ತದೆ. ನೆಲ ಅಲುಗಿದರೆ ಅದೂ ಜೊತೆಯಲ್ಲೇ ಅಲುಗುತ್ತದೆಯೇ ಹೊರತು ಬಿರಿಯುವುದಿಲ್ಲ. ನೀರು ಆಚೆಗೆ ಹೋಗುವುದಿಲ್ಲ.

ಒಮ್ಮೆ ಮೇಸ್ತ್ರಿ ಒಂದು ದೊಡ್ಡ ಮನೆಯ ಕೆಲಸ ಮುಗಿಸಿದಾಗ, ಆ ಮನೆಯವರು ಉಳಿದಿದ್ದ ಒಂದು ಸಿಲಿಕಾನ್ ಟ್ಯೂಬನ್ನು ಅವನಿಗೆ ಕೊಟ್ಟರು. ಹೊರದೇಶದ ಮಾಲು, ಬಾಯಿಯನ್ನೂ ಬಿಚ್ಚಿರಲಿಲ್ಲ. ಅವನು ಅದನ್ನು ಹೆಂಡತಿಗೆ ತೋರಿಸಿದ.

“ಹಾಗಾದ್ರೆ ಭಾನುವಾರ ನಮ್ಮ ಬಚ್ಚಲಿಗೆ ಹಾಕಿಬಿಡಿ” ಅಂದಳು ಹೆಂಡತಿ.

“ಇಂಥ ಮಾಲನ್ನ ಆ ಹಳೇ ಬಚ್ಚಲಿಗೆ ಹಾಕೋದಾ? ಹುಚ್ಚಿ! ಮಗಳ ಬಾಣಂತನ ಬರ್ಲಿ. ಅಷ್ಟೊತ್ತಿಗೆ ನೆಲ ಎಲ್ಲ ಹೊಸದಾಗಿ ಮಾಡಿ, ಇದನ್ನ ಹಾಕಿ, ಬಚ್ಚಲನ್ನ ಅರಮನೆ ಮಾಡ್ತೀನಿ.”

“ಮಗಳು ಇನ್ನೂ ಹತ್ತನೇ ಕ್ಲಾಸು ಕಣ್ರೀ.”

“ಆದ್ರೇನು? ಒಳ್ಳೇದನ್ನ ಒಳ್ಳೇ ಕಾಲಕ್ಕೆ ಇಡ್ಬೇಕು.”

“ಇಡಿ ಇಡಿ. ಗೋಡೆಗೂ ಹೇಳಿಬಿಡಿ, ಅಲ್ಲೀವರೆಗೆ ನೆನೀಬೇಡ ಅಂತ” ಎಂದು ಅವಳು ನಕ್ಕಳು. ಅವನೂ ನಕ್ಕ. ಟ್ಯೂಬನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ.

ಅವನು ಜಿಪುಣನೆಂದು ತಿಳಿಯಬೇಡ. ಮಗಳ ಮೇಲೆ ಪ್ರೀತಿಯಿತ್ತು, ಹೆಂಡತಿಯ ಮೇಲೂ ಪ್ರೀತಿಯಿತ್ತು. ಪ್ರೀತಿ ಇದ್ದದ್ದರಿಂದಲೇ ಎತ್ತಿಟ್ಟ. ಇದನ್ನು ಮರೆಯದೆ ಉಳಿದ ಕತೆ ಕೇಳು.

ಏಳು ವರ್ಷ ಕಳೆಯಿತು. ಮಗಳ ಮದುವೆಯಾಯಿತು. ಅದಕ್ಕೂ ಮೊದಲೇ ಹೆಂಡತಿ ತೀರಿಕೊಂಡಿದ್ದಳು. ಹನ್ನೊಂದು ದಿನದ ಜ್ವರ. ಆ ಜ್ವರಕ್ಕೂ ಗೋಡೆಯ ತೇವಕ್ಕೂ ಸಂಬಂಧವಿಲ್ಲ, ವೈದ್ಯರು ಬೇರೆಯೇ ಕಾರಣ ಹೇಳಿದ್ದರು. ನೀನು ತಪ್ಪು ತಿಳಿಯಬಾರದೆಂದು ಈ ಮಾತು ಹೇಳುತ್ತಿದ್ದೇನೆ.

ಮಗಳು ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗುವುದು ವಾಡಿಕೆ. ಆದರೆ ಬಾಣಂತನ ಮಾಡುವವಳು ತಾಯಿ, ಆ ತಾಯಿಯೇ ಇಲ್ಲ. ಅಳಿಯನ ತಾಯಿ, ಎಂದರೆ ಮೇಸ್ತ್ರಿಯ ಬೀಗಿತ್ತಿ, ಕೆಟ್ಟವಳಲ್ಲ. ಸೊಸೆಯನ್ನು ಕಂಡರೆ ಅವಳಿಗೂ ಅಕ್ಕರೆಯೇ. ಅವಳು ಒಂದು ದಿನ ಫೋನು ಮಾಡಿ ನೇರವಾಗಿ ಹೇಳಿದಳು.

“ಬೀಗ್ರೇ, ನೀರು ಹಾಕೋ ಅಜ್ಜಿನ ಗೊತ್ತು ಮಾಡಿದ್ದೀರಂತೆ, ಸಂತೋಷ. ಆದ್ರೆ ಆ ನಿಮ್ಮ ಗೋಡೆ ನಾನು ನೋಡಿದ್ದೀನಿ. ಬಾಣಂತಿ ನೀರು ಅಂದ್ರೆ ದಿನಕ್ಕೆ ಎಷ್ಟು ಹಂಡೆ ಅಂತ ನಿಮಗೆ ಗೊತ್ತು. ಅಷ್ಟೂ ನೀರು ಆಚೆ ಇಳಿದ್ರೆ, ಹಸುಗೂಸನ್ನ ಆ ಹಸಿ ಗೋಡೆ ಪಕ್ಕ ಹೇಗೆ ಮಲಗಿಸೋದು? ಬರೋ ಸೋಮವಾರ ನಾನೇ ಬರ್ತೀನಿ. ಹತ್ತು ಕೊಡ ನೀರು ಸುರಿದು ನೋಡ್ತೀನಿ. ಗೋಡೆ ಒಣಗಿದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲೇ ಮಾಡ್ತೀನಿ, ನೀವು ಬೇಜಾರು ಮಾಡ್ಕೋಬಾರ್ದು.”

ಹಿಂದಿನಿಂದ ಮಗಳ ಧ್ವನಿ ಕೇಳಿಸಿತು. “ಅಪ್ಪಾ, ನಾನು ಅಲ್ಲಿಗೇ ಬರೋದು. ಅಮ್ಮ ಮಲಗ್ತಿದ್ದ ಜಾಗದಲ್ಲೇ ಮಲಗ್ಬೇಕು ನಂಗೆ.”

“ಆಯ್ತಮ್ಮ” ಎಂದಷ್ಟೇ ಹೇಳಿದ ಮೇಸ್ತ್ರಿ.

ಹಿಂದಿನ ತಿಂಗಳಿಂದಲೇ ಅವನು ಸಿದ್ಧತೆ ಮಾಡುತ್ತಿದ್ದ. ಬಚ್ಚಲುಮನೆಗೆ ನೀರು ಬೀಳದಂತೆ ತಾನು ಹಿತ್ತಲಿನಲ್ಲಿ ಸ್ನಾನ ಮಾಡುತ್ತಿದ್ದ. ಕೋಣೆಯ ಕಡೆ ಹಳೆಯ ಗಿಲಾವನ್ನು ಕೆತ್ತಿ ತೆಗೆದು, ಗೋಡೆ ಒಣಗಿದ ಮೇಲೆ ಹೊಸ ಗಿಲಾವು ಮಾಡಿದ್ದ. ಕೆತ್ತುವ ಮೊದಲು ಹಾಸಿಗೆ ಸರಿಸಬೇಕಲ್ಲ, ಆಗ ಅವನಿಗೆ ಒಂದು ವಸ್ತು ಕಂಡಿತು. ಹೆಂಡತಿ ಮಲಗುತ್ತಿದ್ದದ್ದು ಗೋಡೆಯ ಕಡೆ, ಅವನು ಬಾಗಿಲ ಕಡೆ. ಅವಳ ಕಡೆಯಲ್ಲಿ, ಹಾಸಿಗೆಗೂ ಗೋಡೆಗೂ ನಡುವೆ, ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ ನಾಲ್ಕು ಮಡಿಕೆ ಮಾಡಿ, ಮೇಲೆ ಒಂದು ಹಳೆಯ ಸೀರೆ ಹೊದಿಸಿ ಹೊಲಿದಿಟ್ಟ ಒಂದು ಪಟ್ಟಿ ಇತ್ತು. ಮಲಗಿದ ಹೆಂಗಸಿನ ಬೆನ್ನಿನಷ್ಟು ಅಗಲ, ಅವಳಷ್ಟೇ ಉದ್ದ. ಹೊಲಿಗೆ ಸಣ್ಣದಾಗಿ, ನೇರವಾಗಿ ಇತ್ತು. ತೇವ ಬೆನ್ನಿಗೆ ತಾಗದಿರಲೆಂದು ಅವಳು ಅದನ್ನು ಮಾಡಿಕೊಂಡಿದ್ದಳು. ಅವನಿಗೆ ಹೇಳಿರಲಿಲ್ಲ. ಬಚ್ಚಲಿನ ಮಾತನ್ನೂ ಟ್ಯೂಬು ತಂದ ದಿನದ ನಂತರ ಅವಳು ಎತ್ತಿರಲಿಲ್ಲ.

ಅವನು ಆ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದ. ಸಂದಿಗೆ ಬೇರೆ ಯಾವ ಟ್ಯೂಬೂ ಬೇಡ, ಅವಳು ಕೇಳಿದ ಟ್ಯೂಬನ್ನೇ ಹಾಕಬೇಕು ಎಂದು ಅಂದೇ ತೀರ್ಮಾನಿಸಿದ.

ಮಂಗಳವಾರ ಅಟ್ಟದಿಂದ ಟ್ಯೂಬು ಇಳಿಸಿದ. ಅದು ಚೆನ್ನಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮೆತ್ತಗಿತ್ತು. ಅವನಿಗೆ ಸಮಾಧಾನವಾಯಿತು.

ಅವನು ಯಾಕೆ ಒತ್ತಿ ನೋಡಿದ ಎಂಬುದನ್ನು ಬಿಡಿಸಿ ಹೇಳಬೇಕು, ಇಡೀ ಕತೆ ನಿಂತಿರುವುದೇ ಅದರ ಮೇಲೆ. ಗಾರೆಯವರು ಸಿಮೆಂಟಿನ ಮೂಟೆ ಬಂದಾಗ ಮೊದಲು ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಸಿಮೆಂಟು ಒಳ್ಳೆಯದು. ಕೈಗೆ ಗಂಟು ಸಿಕ್ಕರೆ ಹಳೆಯದಾಗಿದೆ, ಕೆಟ್ಟಿದೆ. ಮೂವತ್ತು ವರ್ಷ ಅವನ ಹೆಬ್ಬೆರಳು ಅದನ್ನೇ ಕಲಿತಿತ್ತು. ಹಾಗಾಗಿ ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಎಂದು ಅವನು ನೋಡಲಿಲ್ಲ. ಹೆಬ್ಬೆರಳು ಹೇಳಿದ ಮೇಲೆ ಕಣ್ಣಿಗೆ ಏನು ಕೆಲಸ?

ಸಂದಿಯನ್ನು ಒರೆಸಿ, ಟ್ಯೂಬನ್ನು ಅಂಟು ಒತ್ತುವ ಗನ್ನಿಗೆ ಸಿಕ್ಕಿಸಿ, ಒಂದೇ ಕೈಯಲ್ಲಿ ಉದ್ದಕ್ಕೂ ಎಳೆದ. ಸೋಪಿನ ನೀರಿನಲ್ಲಿ ಬೆರಳದ್ದಿ ನಯ ಮಾಡಿದ. ನೋಡಲು ಬಲು ಚೆಂದ ಇತ್ತು. ಮರುದಿನ ಮುಟ್ಟಿದ. ಬೆರಳಿಗೆ ಅಂಟಿಕೊಂಡಿತು.

ಬುಧವಾರ ಅವನು ಒದ್ದೆ ಗೋಣಿಚೀಲ ತಂದು ಅದರ ಮೇಲೆ ಹೊದಿಸಿದ. ಸಿಮೆಂಟಿಗೆ ನೀರುಣಿಸಿದರೆ ಗಟ್ಟಿಯಾಗುತ್ತದೆ, ಇದಕ್ಕೂ ಹಾಗೇ ಇರಬಹುದು ಎಂದುಕೊಂಡ. ಸಂಜೆ ತೆಗೆದರೆ ಗೋಣಿಯ ನಾರು ಅಂಟಿಗೆ ಹಿಡಿದುಕೊಂಡಿತ್ತು. ಗುರುವಾರ ಬಾಣಲೆಯಲ್ಲಿ ಕೆಂಡ ತುಂಬಿ ಬಚ್ಚಲಿನ ಹೊಸಿಲಲ್ಲಿಟ್ಟ. ನೀರಿಗೆ ಬಗ್ಗದಿದ್ದರೆ ಬೆಂಕಿಗೆ ಬಗ್ಗಲಿ ಎಂದು. ಬಚ್ಚಲು ಕಾಯಿತು, ಅಂಟು ಗಟ್ಟಿಯಾಗಲಿಲ್ಲ. ಶುಕ್ರವಾರ ಟ್ಯೂಬಿನಲ್ಲಿ ಉಳಿದದ್ದನ್ನೆಲ್ಲ ಅದರ ಮೇಲೇ ಇನ್ನೊಂದು ಪದರ ಎಳೆದ. ಮೊದಲು ಒಂದೆಳೆ ಹಸಿಯಿತ್ತು, ಈಗ ಎರಡೆಳೆ ಹಸಿಯಾಯಿತು.

ಗಂಟೆಗೊಮ್ಮೆ ಹೋಗಿ ಮುಟ್ಟಿ ನೋಡುತ್ತಿದ್ದ. ನಯವಾಗಿದ್ದ ಅಂಟಿನ ಮೇಲೆ ಉದ್ದಕ್ಕೂ ಅವನ ಬೆರಳಿನ ಗುರುತುಗಳೇ ತುಂಬಿದವು. “ಯಾಕೆ ಹಿಡೀತಿಲ್ಲ ನೀನು? ಅವಳ ಮೇಲಿನ ಕೋಪ ನನ್ನ ಮೇಲೆ ತೀರಿಸ್ಕೋತಿದ್ದೀಯಾ?” ಎಂದು ಬಚ್ಚಲಿನ ಗೋಡೆಯನ್ನೇ ಕೇಳಿದ. ಕೇಳಿದ ಮೇಲೆ ತಾನು ಹೇಳಿದ್ದು ತಿರುಗುಮುರುಗಾಯಿತು ಅನ್ನಿಸಿತು. ಕೋಪ ಮಾಡಿಕೊಳ್ಳಬೇಕಾದವಳು ಅವಳಾಗಿದ್ದಳು. ಅವಳು ಮಾಡಿಕೊಂಡಿರಲಿಲ್ಲ, ಅಷ್ಟೇ.

ಶನಿವಾರ ಅವನು ಖಾಲಿ ಟ್ಯೂಬು ಹಿಡಿದು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದ. ಆ ಅಂಗಡಿ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅವಳಿಗೆ ಅವನು ಹಳೆಯ ಪರಿಚಯ.

“ಏನು ಮೇಸ್ತ್ರಿ, ಕೈತುಂಬ ಅಂಟು? ಹಲಸಿನ ಹಣ್ಣು ಬಿಡಿಸಿ ಬಂದ್ರಾ?” ಎಂದು ಅವಳು ನಕ್ಕಳು.

ಅವನಿಗೆ ನಗು ಬರಲಿಲ್ಲ. ಎಲ್ಲವನ್ನೂ ಹೇಳಿದ. ಒದ್ದೆ ಗೋಣಿ, ಕೆಂಡ, ಎರಡನೆಯ ಪದರ, ಯಾವುದನ್ನೂ ಬಿಡಲಿಲ್ಲ. ಅವಳು ಟ್ಯೂಬಿನ ಹಿಂಬದಿಯನ್ನು ಬೆಳಕಿಗೆ ಹಿಡಿದು ಓದಿದಳು.

“ಅಯ್ಯೋ ಶಿವನೇ. ಮೇಸ್ತ್ರಿ, ಇದರ ಕಾಲ ಮುಗಿದು ಆರು ವರ್ಷ ಆಯ್ತು.”

“ಮೆತ್ತಗೇ ಇತ್ತಲ್ಲಮ್ಮ. ನಾನೇ ಒತ್ತಿ ನೋಡಿದೆ.”

“ಇದು ಸಿಮೆಂಟಲ್ಲ ಮೇಸ್ತ್ರಿ. ಸಿಮೆಂಟು ಕೆಟ್ರೆ ಮೂಟೆಯಲ್ಲೇ ಗಟ್ಟಿಯಾಗುತ್ತೆ. ಇದು ಕೆಟ್ರೆ ಗಟ್ಟಿಯಾಗೋದನ್ನೇ ಮರೆತುಬಿಡುತ್ತೆ. ನೀವು ನೀರು ಕೊಡಿ, ಬೆಂಕಿ ಕೊಡಿ, ನೂರು ದಿನ ಕಾಯಿರಿ, ಹೀಗೇ ಇರುತ್ತೆ. ಅದರ ಮೇಲೆ ಹೊಸದು ಹಾಕಿದ್ರೂ ಹಿಡಿಯಲ್ಲ. ಪೂರ್ತಿ ಕೆರೆದು ತೆಗೀಬೇಕು, ಒಂದು ಚೂರೂ ಬಿಡಬಾರ್ದು.”

“ತಂದ ವರ್ಷವೇ ಹಾಕಿದ್ದಿದ್ರೆ?”

“ಆಗ ಹಾಕಿದ್ದಿದ್ರೆ ಒಂದೇ ದಿನದಲ್ಲಿ ಹಿಡೀತಿತ್ತು. ಇವತ್ತಿಗೂ ಹಾಗೇ ಇರ್ತಿತ್ತು.”

ಅವನು ಲೆಕ್ಕ ಹಾಕಿದ. ಹಾಕಬೇಕೆಂದು ಹಾಕಲಿಲ್ಲ, ಮನಸ್ಸು ತಾನಾಗಿ ಹಾಕಿತು. ಟ್ಯೂಬು ತಂದದ್ದು ಏಳು ವರ್ಷದ ಹಿಂದೆ. ಹೆಂಡತಿ ಹೋದದ್ದು ಎರಡು ವರ್ಷದ ಹಿಂದೆ. ನಡುವೆ ಐದು ವರ್ಷ. ಐದು ವರ್ಷ ಅವಳು ಆ ಪಟ್ಟಿಗೆ ಬೆನ್ನು ಕೊಟ್ಟು ಮಲಗಿದ್ದಳು. ಟ್ಯೂಬು ಅವಳ ತಲೆಯ ಮೇಲಿನ ಅಟ್ಟದಲ್ಲೇ ಇತ್ತು.

ಅಂಗಡಿಯವಳು ಹೊಸ ಟ್ಯೂಬೊಂದನ್ನು ತೆಗೆದು, ಅದರ ಮೇಲಿನ ದಿನಾಂಕವನ್ನು ಅವನಿಗೇ ಓದಿಸಿ ಕೈಗಿಟ್ಟಳು. ಒರೆಸಲು ಒಂದು ಬಾಟಲಿ ಸ್ಪಿರಿಟ್ಟನ್ನೂ ಕೊಟ್ಟಳು. “ಸಂದಿ ಒಣಗಿರ್ಬೇಕು. ತೆಳ್ಳಗೆ ಹಾಕಿ, ದಪ್ಪ ಹಾಕಿದ್ರೆ ಒಳಗೆ ಹಸಿ ಉಳಿಯುತ್ತೆ. ಕಿಟಕಿ ತೆಗೆದಿಡಿ. ಗಾಳಿಯಲ್ಲಿರೋ ತೇವ ಸಾಕು ಅದಕ್ಕೆ, ಗೋಣಿನೂ ಬೇಡ ಕೆಂಡನೂ ಬೇಡ. ಮತ್ತೆ ಮೇಸ್ತ್ರಿ, ಕೈ ಮುಗೀತೀನಿ, ಮುಟ್ಟಿ ಮುಟ್ಟಿ ನೋಡ್ಬೇಡಿ.”

ಶನಿವಾರ ಮಧ್ಯಾಹ್ನ ಅವನು ಬ್ಲೇಡು ಹಿಡಿದು ಕೆರೆಯಲು ಕುಳಿತ. ಗಟ್ಟಿಯಾದದ್ದನ್ನು ಕೆರೆಯುವುದು ಸುಲಭ, ಒಂದೇ ಎಳೆಯಾಗಿ ಕಿತ್ತು ಬರುತ್ತದೆ. ಹಸಿಯಾದದ್ದು ಹಾಗೆ ಬರುವುದಿಲ್ಲ. ಬ್ಲೇಡಿಗೆ ಅಂಟುತ್ತದೆ, ಬಟ್ಟೆಗೆ ಅಂಟುತ್ತದೆ, ಕೈಯಿಂದ ಕೈಗೆ ಅಂಟುತ್ತದೆ. ಮೊದಲ ಗೇಣು ಕೆರೆಯುವಾಗ ಅವನ ಕೈ ಹಿಂಜರಿಯಿತು. ಅವಳು ಕೇಳಿದ್ದು ಇದನ್ನೇ. ಅವಳ ಹೆಸರಿನಲ್ಲಿ ಹಾಕಿದ್ದನ್ನು ತಾನೇ ಕೆರೆದು ಎಸೆಯಬೇಕೇ ಅನ್ನಿಸಿತು. ಆಮೇಲೆ ಯೋಚಿಸಿದ. ಅವಳು ಟ್ಯೂಬು ಕೇಳಿರಲಿಲ್ಲ, ಒಣಗಿದ ಗೋಡೆ ಕೇಳಿದ್ದಳು. ಹಾಗೆ ತಿಳಿದ ಮೇಲೆ ಕೈ ಓಡಿತು. ಕತ್ತಲಾಗುವ ಮೊದಲು ಸಂದಿ ಬರಿದಾಯಿತು. ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿದ.

ಭಾನುವಾರ ಬೆಳಿಗ್ಗೆ ಹೊಸದನ್ನು ತೆಳ್ಳಗೆ ಎಳೆದ. ಕಿಟಕಿ ತೆಗೆದ, ಬಾಗಿಲನ್ನೂ ತೆರೆದೇ ಬಿಟ್ಟ. ಎಲ್ಲಿ ಮುಟ್ಟಿಬಿಡುತ್ತೇನೋ ಎಂದು ಹೆದರಿ, ಮನೆ ಬಿಟ್ಟು ಹೊರಟು, ಊರಾಚೆಯ ಕೆರೆಯ ಏರಿಯ ಮೇಲೆ ಸಂಜೆಯವರೆಗೆ ಕುಳಿತಿದ್ದ.

ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಬೀಗಿತ್ತಿ ಬಂದಳು. ಜೊತೆಯಲ್ಲಿ ಮಗಳೂ ಬಂದಳು, ಬೇಡವೆಂದರೂ ಕೇಳಿರಲಿಲ್ಲ. ಬೀಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಚ್ಚಲುಮನೆಗೆ ಹೋದಳು. ಹತ್ತು ಕೊಡ ಎಂದಿದ್ದವಳು ಹದಿನಾಲ್ಕು ಕೊಡ ಸುರಿದಳು, ಅದೂ ಸಂದಿಯ ಮೇಲೇ. ಗೋಡೆಯ ಆಚೆ ಕೋಣೆಯಲ್ಲಿ ಮೇಸ್ತ್ರಿ ನಿಂತಿದ್ದ. ಒಂದೊಂದು ಕೊಡ ಬಿದ್ದ ಸದ್ದನ್ನೂ ಎಣಿಸುತ್ತಿದ್ದ. ಗೋಡೆಯನ್ನು ಮುಟ್ಟಬೇಕೆನ್ನಿಸಿತು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

ನೀರು ಇಳಿಯಲು ಸ್ವಲ್ಪ ಹೊತ್ತು ಬೇಕೆಂದು ಬೀಗಿತ್ತಿಗೂ ಗೊತ್ತಿತ್ತು. ಊಟವಾಗಲಿ ಅಂದಳು. ಮೇಸ್ತ್ರಿಯೇ ಅನ್ನ ಸಾರು ಮಾಡಿದ್ದ. “ಸಾರಿಗೆ ಉಪ್ಪು ಜಾಸ್ತಿ, ಬೀಗ್ರೇ. ಬಾಣಂತಿಗೆ ಅಡುಗೆ ನೀವು ಮಾಡಕೂಡದು, ಅದನ್ನ ಆ ನೀರು ಹಾಕೋ ಅಜ್ಜಿಗೇ ಬಿಡಿ” ಎಂದಳು. ಉಂಡ ಮೇಲೆ ಕೋಣೆಗೆ ಹೋಗಿ, ಚಾಪೆ ಹಾಸಿಕೊಂಡು, ಗೋಡೆಗೆ ಬೆನ್ನು ಒತ್ತಿ ಮಲಗಿಬಿಟ್ಟಳು. ಮಗಳು ನಡುಮನೆಯಲ್ಲಿ ಅಪ್ಪನ ಪಕ್ಕ ಕುಳಿತಳು. ಅವನ ಬೆರಳಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಹಳೆಯ ಅಂಟನ್ನು ಉಗುರಿನಿಂದ ಬಿಡಿಸುತ್ತಾ ಕುಳಿತಳು.

ಒಂದು ಗಂಟೆಯ ಮೇಲೆ ಬೀಗಿತ್ತಿ ಎದ್ದು ಬಂದಳು. ತಿರುಗಿ ನಿಂತು ತನ್ನ ಬೆನ್ನನ್ನು ಸೊಸೆಗೆ ತೋರಿಸಿದಳು.

“ನೋಡೇ, ರವಿಕೆ ಏನಾದ್ರೂ ತಣ್ಣಗಾಗಿದೆಯಾ?”

ಮಗಳು ಅಂಗೈಯಿಟ್ಟು ನೋಡಿದಳು. “ಇಲ್ಲ ಅತ್ತೆ. ಬೆಚ್ಚಗಿದೆ.”

“ಹಾಗಾದ್ರೆ ನೀನು ಇಲ್ಲೇ ಇರು. ನಿನ್ನ ಬಟ್ಟೆ ಗಂಟು ನಾಳೆ ಕಳಿಸ್ತೀನಿ” ಎಂದಳು ಬೀಗಿತ್ತಿ.

ಮಗಳು ಉಳಿದಳು. ಮುಂದಿನ ತಿಂಗಳು ಹೆಣ್ಣು ಮಗು ಹುಟ್ಟಿತು. ದಿನವೂ ಹಂಡೆಗಟ್ಟಲೆ ನೀರು ಬಿದ್ದಿತು. ಗೋಡೆ ಒಣಗಿಯೇ ಇತ್ತು. ತಾಯಿ ಮಲಗುತ್ತಿದ್ದ ಜಾಗದಲ್ಲೇ ಮಗಳು ಮಲಗಿದಳು, ಗೋಡೆಗೂ ಅವಳಿಗೂ ನಡುವೆ ಕೂಸು ಮಲಗಿತು.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರನ ಮುಖ ಅರಳಿತು. ಕತೆ ಕೇಳುವಾಗ ಅವನಿಗೆ ಆಗಾಗ ಭಯವಾಗಿತ್ತು, ಈಗ ಅದು ಇಳಿಯಿತು. “ಹಾಗಾದರೆ ಚಿಂತೆಯಿಲ್ಲ, ಗುರುಗಳೇ. ಎತ್ತಿಟ್ಟದ್ದು ಕೆಟ್ಟರೂ ಹೊಸದು ಸಿಗುತ್ತದೆ. ಕೊನೆಗೂ ಗೋಡೆ ಒಣಗಿತಲ್ಲ.”

“ಒಣಗಿತಪ್ಪ” ಎಂದರು ಗುರುಗಳು, “ಒಣಗಿಸಿ ಕೊಡಿ ಎಂದು ಕೇಳಿದವಳು ಮಾತ್ರ ಒಂದು ದಿನವೂ ಅದಕ್ಕೆ ಬೆನ್ನು ಕೊಟ್ಟು ಮಲಗಲಿಲ್ಲ.”

ಚೆನ್ನವೀರ ಗುರುಗಳಿಗೆ ನಮಸ್ಕರಿಸಿ, ಬರಿಗೈಯಲ್ಲೇ ಅಕ್ಕನ ಊರಿನ ದಾರಿ ಹಿಡಿದ.